98.6ರಲ್ಲಿರೋ ಆ ಪಾಯಿಂಟ್ ಆರು ಎಲ್ಲಿಂದ ಬಂತು?

ಮಕ್ಕಳ ಹಣೆ ಸ್ವಲ್ಪ ಬೆಚ್ಚಗಿದ್ರೂ ಥರ್ಮಾಮೀಟರ್ ಇಟ್ಟು 98.6 ದಾಟಿದ್ಯಾ ಅಂತ ನೋಡ್ತೀವಿ, 98.9 ಬಂತು ಅಂದ್ರೆ ಅವತ್ತು ಸ್ಕೂಲಿಗೆ ರಜಾ. ಈ ನಂಬರನ್ನ ಚಾಲ್ತಿಗೆ ತಂದಿದ್ದು ಜರ್ಮನಿಯ ಲೈಪ್‌ಜಿಗ್‌ನ ಡಾಕ್ಟರ್ ಕಾರ್ಲ್ ವುಂಡರ್‌ಲಿಶ್, 1868ರಲ್ಲಿ. ಸಾವಿರಾರು ರೋಗಿಗಳ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿ ಆರೋಗ್ಯವಾಗಿರೋರ ಮೈಬಿಸಿ 37 ಡಿಗ್ರಿ ಸೆಲ್ಸಿಯಸ್ ಅಂದ್ರು, ಬೆಳಗ್ಗೆ ಕಮ್ಮಿ ಸಂಜೆ ಜಾಸ್ತಿ ಆಗುತ್ತೆ ಅಂತಾನೂ ಹೇಳಿದ್ರು, ಅದು ಮಾತ್ರ ಯಾರಿಗೂ ನೆನಪಿಲ್ಲ.

37ನ್ನ 1.8ರಿಂದ ಗುಣಿಸಿ 32 ಕೂಡಿಸಿ, ಸರಿಯಾಗಿ 98.6 ಬರುತ್ತೆ. ಆದ್ರೆ 37 ಅಂತ ಎರಡೇ ಅಂಕಿ ಬರೆದ್ರೆ ಅದು 36.5ರಿಂದ 37.5ರ ಮಧ್ಯ ಎಲ್ಲಾದ್ರೂ ಇರ್ಬೋದು ಅಂತ ಅರ್ಥ, ಫ್ಯಾರನ್‌ಹೀಟ್‌ನಲ್ಲಿ 97.7ರಿಂದ 99.5. ಅಂದ್ರೆ ಆ ಪಾಯಿಂಟ್ ಆರನ್ನ ಯಾರೂ ಅಳೆದಿದ್ದಲ್ಲ, ಗುಣಾಕಾರ ಹುಟ್ಟಿಸಿದ್ದು. ಜ್ವರಕ್ಕೆ ಡಾಕ್ಟ್ರು ಹೇಳೋ 100.4 ಕೂಡ ಅಷ್ಟೇ, ಬರೀ 38ನ್ನ ಬದಲಾಯಿಸಿದ್ದು.

ಸಿಗ್ನಿಫಿಕೆಂಟ್ ಫಿಗರ್ಸ್ ಅಂತ ಪಿಯುಸಿ ಫಿಸಿಕ್ಸ್‌ನಲ್ಲಿ ಬಾಯಿಪಾಠ ಮಾಡ್ಸೋದು ಇದನ್ನೇ, ಎಷ್ಟು ಅಂಕೀನ ನಾವು ನಿಜವಾಗ್ಲೂ ಅಳೆದಿದೀವೋ ಅಷ್ಟೇ ಬರೀಬೇಕು. ಪಾಪ ಮಕ್ಕಳಿಗೆ ರೂಲ್ಸ್ ಸಿಗುತ್ತೆ, ಯಾಕೆ ಅಂತ ಯಾರೂ ಹೇಳಲ್ಲ.

ಒಂದು 30-40 ಸೈಟ್ ತಗೊಳ್ಳಿ. ಟೇಪ್ ಹಿಡಿದು ಮೀಟರ್‌ನಲ್ಲಿ ಅಳೆದ್ರೆ ಒಂದು ಕಡೆ 9.1, ಇನ್ನೊಂದು ಕಡೆ 12.2 ಬಂತು ಅನ್ಕೊಳ್ಳಿ, ಕ್ಯಾಲ್ಕುಲೇಟರ್ 111.02 ಚದರ ಮೀಟರ್ ಅನ್ನುತ್ತೆ. ಆದ್ರೆ 9.1 ಅನ್ನೋದು 9.05 ಇರ್ಬೋದು, 9.15 ಇರ್ಬೋದು, 12.2 ಕತೆನೂ ಅದೇ, ಎರಡೂ ಕಮ್ಮಿ ಕಡೆಗಿದ್ರೆ ಏರಿಯಾ ಸುಮಾರು 110, ಎರಡೂ ಜಾಸ್ತಿ ಕಡೆಗಿದ್ರೆ 112. ಮೂರನೇ ಅಂಕೀನೇ ಅಲ್ಲಾಡ್ತಿರುವಾಗ ಆ .02ಗೆ ಏನು ಬೆಲೆ? ಗುಣಾಕಾರ ಭಾಗಾಕಾರದಲ್ಲಿ ಅಂಕಿ ಯಾವುದರಲ್ಲಿ ಕಮ್ಮಿ ಇದೆಯೋ ಉತ್ತರದಲ್ಲೂ ಅಷ್ಟೇ ಇಟ್ಕೋಬೇಕು, 9.1ರಲ್ಲಿ ಎರಡೇ ಇರೋದ್ರಿಂದ ಉತ್ತರ 110. ಕೂಡೋದು ಕಳೆಯೋದಕ್ಕೆ ಮಾತ್ರ ಅಂಕಿ ಎಣಿಸಲ್ಲ, ದಶಮಾಂಶದ ಸ್ಥಾನ ನೋಡ್ತಾರೆ. ಮಧ್ಯದ ಲೆಕ್ಕದಲ್ಲಿ ರೌಂಡ್ ಮಾಡ್ಬೇಡಿ, ಕೊನೇಲಿ ಒಂದೇ ಸಲ ಮಾಡಿ.

110ರ ಕೊನೇ ಸೊನ್ನೆ ಅಳೆದಿದ್ದಾ ಇಲ್ಲ ಜಾಗ ತುಂಬೋಕೆ ಹಾಕಿದ್ದಾ ಅನ್ನೋ ಡೌಟ್ ಬರ್ಬಾರ್ದು ಅಂತಾನೇ 1.1 × 10² ಅಂತ ಬರೆಯೋದು. ಇನ್ನು ಒಂದು ಇಂಚಿಗೆ 2.54 ಸೆಂಟಿಮೀಟರ್ ಅನ್ನೋದು ಅಳೆದಿದ್ದಲ್ಲ, 1959ರಲ್ಲಿ ಒಪ್ಪಂದ ಮಾಡ್ಕೊಂಡು ಫಿಕ್ಸ್ ಮಾಡಿದ್ದು, ಉತ್ತರದಲ್ಲಿ ಎಷ್ಟು ಅಂಕಿ ಇಟ್ಕೋಬೇಕು ಅಂತ ಎಣಿಸುವಾಗ ಅದರ ಅಂಕಿಗಳನ್ನ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ.

ನನ್ನ ಕೇಳಿದ್ರೆ ಈ ರೂಲ್ ಸ್ವಲ್ಪ ಒರಟು. 110 ಅಂತ ಬರೆದ್ರೆ 105ರಿಂದ 115 ತನಕ ಏನಾದ್ರೂ ಆಗ್ಬೋದು ಅಂದಂಗಾಯ್ತು, ನಮಗೆ ಅದಕ್ಕಿಂತ ಚೆನ್ನಾಗೇ ಗೊತ್ತಿದೆ. ಅದಕ್ಕೇ ಲ್ಯಾಬ್‌ನವರು 111 ± 1 ಅಂತ ಬರೀತಾರೆ, ಅಂದ್ರೆ 110ರಿಂದ 112ರ ಒಳಗೆ.