ಕಲಾಯಿ ತವರಕ್ಕೆ ಬಂದ ಮೂಗು

ಅಕ್ಕನ ಅಡುಗೆಮನೆಗೆ ಗ್ಯಾಸ್ ಅಲಾರಂ ಬಂದಿದೆ ಎಂದು ಕೇಳಿ ಖುಷಿಯಿಂದಲೇ ನೋಡಲು ಹೋದೆ. ಅವಳ ಮನೆ ಕಲಬುರಗಿಯ ಹಳೇ ಓಣಿಯಲ್ಲಿದೆ. ನೆಲಕ್ಕೆ ಶಹಾಬಾದ್ ಫರಸಿ, ಒಂದೇ ಸಣ್ಣ ಕಿಟಕಿ. ಅಂಗೈಯಗಲದ ಬಿಳಿ ಡಬ್ಬಿ, ಹಸಿರು ದೀಪ, ಫೋನಿಗೆ ಸುದ್ದಿ ಕಳಿಸುವ ವೈಫೈ, ಎಲ್ಲವೂ ಇತ್ತು. ಆದರೆ ಡಬ್ಬಿಯನ್ನು ಹಚ್ಚಿದ್ದು ಅಟ್ಟಕ್ಕಿಂತಲೂ ಮೇಲೆ, ಛತ್ತಿಗೆ ಗೇಣಷ್ಟು ಕೆಳಗೆ.

"ಇಷ್ಟು ಮ್ಯಾಲ ಯಾಕ ಹಚ್ಚಿಸಿದಿ ಅಕ್ಕಾ?"

"ಹಚ್ಚಲಾಕ ಬಂದವನೇ ಹೇಳ್ಯಾನ ತಮ್ಮಾ. ಗ್ಯಾಸ್ ಮ್ಯಾಲ ಹೋಗ್ತದಂತ, ಹೊಗಿ ಹೋದಂಗ."

ಒಲೆ, ದೇವರ ದೀಪ ಎಲ್ಲ ಆರಿಸಿ, ಕಿಟಕಿ ತೆರೆದು, ಒಂದು ಬೀಡಿ ಲೈಟರ್ ತರಿಸಿದೆ. ಕಿಡಿ ಹಾರದಂತೆ ಬರೀ ಗುಂಡಿ ಒತ್ತಿ, ಸಿಲಿಂಡರ್ ಪಕ್ಕ ನೆಲದ ಮಟ್ಟದಲ್ಲಿ ಎರಡು ಮೂರು ಸೆಕೆಂಡು ಗ್ಯಾಸ್ ಬಿಟ್ಟೆ. ಮೇಲಿನ ಡಬ್ಬಿ ತುಟಿ ಪಿಟಕ್ಕೆನ್ನಲಿಲ್ಲ. ಆ ಸಿಲಿಂಡರ್ ನಿಜವಾಗಿ ಸೋರಿದ್ದರೂ ಅದು ಬಹಳ ಹೊತ್ತು ಹಾಗೇ ಸುಮ್ಮನಿರುತ್ತಿತ್ತು.

ಹೊಗೆ ಮೇಲೆ ಹೋಗುವುದು ಬಿಸಿ ಇರುವುದಕ್ಕೆ. ಎಲ್‌ಪಿಜಿಗೆ ಆ ಬಿಸಿ ಇಲ್ಲ, ಮೇಲಾಗಿ ತೂಕ ಹೆಚ್ಚು. ಅದು ಪ್ರೋಪೇನ್ ಮತ್ತು ಬ್ಯೂಟೇನ್‌ಗಳ ಬೆರಕೆ. ಪ್ರೋಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಎರಡು ಪಟ್ಟು. ಸೋರಿದರೆ ಒಡೆದ ಕೊಡದ ನೀರಿನ ಹಾಗೆ ಫರಸಿಯ ಮೇಲೆ ಹರಡುತ್ತದೆ, ಹೊಸ್ತಿಲು ದಾಟುತ್ತದೆ, ಬಚ್ಚಲ ಮೋರಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಗಾಳಿಯಲ್ಲಿ ಶೇಕಡಾ 2ರಷ್ಟು ಬೆರೆತರೆ ಸಾಕು, ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಹತ್ತಡಿ ಉದ್ದ, ಎಂಟಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆ ಎಂದುಕೊಳ್ಳಿ. ಇಡೀ ಕೋಣೆ ಆ ಮಟ್ಟಕ್ಕೆ ಬರಲು ಒಂದು ಕೆಜಿಯಷ್ಟು ಗ್ಯಾಸ್ ಬೇಕು. ಆದರೆ ಗ್ಯಾಸು ಇಡೀ ಕೋಣೆಗೆ ಸಮನಾಗಿ ಬೆರೆಯುವವರೆಗೆ ಕಾಯುವುದಿಲ್ಲವಲ್ಲ! ನೆಲದಿಂದ ಒಂದಡಿ ಎತ್ತರದವರೆಗೆ ನಿಂತಿತೆಂದರೆ ನೂರು ಗ್ರಾಂ ಸಾಕು. ತುಂಬಿದ ಸಿಲಿಂಡರಿನಲ್ಲಿರುವುದು 14.2 ಕೆಜಿ.

ಹಾಗಂತ ಎಲ್ಲ ಅಲಾರಂಗಳನ್ನೂ ಕೆಳಗೇ ಹಚ್ಚಬೇಕೆಂದಲ್ಲ. ಹಳ್ಳಿಯ ಗೋಬರ್ ಗ್ಯಾಸಿನಲ್ಲೂ ದೊಡ್ಡ ಊರುಗಳ ಪೈಪಿನ ಗ್ಯಾಸಿನಲ್ಲೂ ಮುಖ್ಯವಾಗಿ ಇರುವುದು ಮೀಥೇನ್. ಅದರ ತೂಕ ಗಾಳಿಯ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಪೈಪಿನ ಗ್ಯಾಸು ಸೋರಿದರೆ ಸೀದಾ ಛತ್ತಿಗೆ ಏರುತ್ತದೆ, ಅಲ್ಲಿ ಅಲಾರಂ ಮೇಲಿರಬೇಕು. ಇನ್ನು ಬೀದರಿನ ಚಳಿಗೆ ಬಾಗಿಲು ಮುಚ್ಚಿ ಶೇಗಡಿ ಇಟ್ಟುಕೊಂಡರೆ, ಇಲ್ಲವೇ ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಸಿದರೆ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿನದು ಹೆಚ್ಚುಕಡಿಮೆ ಗಾಳಿಯದೇ ತೂಕ. ಅದು ಮನುಷ್ಯ ಉಸಿರಾಡುವ ಎತ್ತರದಲ್ಲೇ ಬೆರೆತಿರುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ವಾಸನೆ ಎಲ್‌ಪಿಜಿಗೂ ಇಲ್ಲ. ನಮ್ಮ ಮೂಗಿಗೆ ಬಡಿಯುವ ಆ ಕೊಳೆತ ನಾತ ಬೇಕೆಂದೇ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್ನಿನದು. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಲ್ಲಿ ಶಾಲೆಯ ನೆಲದಡಿ ಸೋರಿ ತುಂಬಿದ್ದ ನೈಸರ್ಗಿಕ ಅನಿಲ ಒಂದು ಕಿಡಿಗೆ ಸಿಡಿದು ಸುಮಾರು ಮುನ್ನೂರು ಜನ ಸತ್ತರು, ಹೆಚ್ಚಿನವರು ಮಕ್ಕಳು. ಯಾರ ಮೂಗಿಗೂ ಅದು ತಿಳಿದಿರಲಿಲ್ಲ. ಗ್ಯಾಸಿಗೆ ವಾಸನೆ ಸೇರಿಸಲೇಬೇಕೆಂಬ ಕಾನೂನು ಬಂದದ್ದು ಆ ಮಕ್ಕಳ ಸಾವಿನ ನಂತರ. ಆದರೆ ಮೂಗು ನಿದ್ದೆಯಲ್ಲಿ ನಮ್ಮನ್ನು ಎಬ್ಬಿಸುವುದಿಲ್ಲ, ನೆಗಡಿಯಲ್ಲಿ ಕೆಲಸ ಮಾಡುವುದಿಲ್ಲ, ವಯಸ್ಸಾದಂತೆ ಮಂಕಾಗುತ್ತದೆ. ಒಂದೇ ವಾಸನೆಯಲ್ಲಿ ಹೆಚ್ಚು ಹೊತ್ತು ಕೂತರೆ ಅದಕ್ಕೆ ಒಗ್ಗಿಹೋಗಿ ಸುಮ್ಮನಾಗುತ್ತದೆ.

ಹಾಗಾಗಿಯೇ ನನಗೆ ಆ ಡಬ್ಬಿಯೊಳಗಿನ ಮೂಗಿನ ಮೇಲೆ ಇಷ್ಟು ಪ್ರೀತಿ. ಅದು ಏತರದ್ದು ಗೊತ್ತೇ? ತವರದ್ದು. ನಾವು ಚಿಕ್ಕವರಿದ್ದಾಗ ಓಣಿಯಲ್ಲಿ "ಕಲಾಯ್..." ಎಂದು ಕೂಗುತ್ತಾ ಬಂದವನು ಬೇವಿನ ಮರದ ಕೆಳಗೆ ತಿದಿ ಹೂಡಿ, ಅಮ್ಮನ ಹಿತ್ತಾಳೆ ಭಾಂಡೆ ಕಾಯಿಸಿ, ನವಸಾಗರ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ ಅರಿವೆಯಿಂದ ಒಂದು ಸುತ್ತು ತಿರುವಿದರೆ ಪಾತ್ರೆಯ ಒಳಗೆಲ್ಲ ಬೆಳ್ಳಿ ಹೊಳಪು. ಅದೇ ತವರ ಆಮ್ಲಜನಕದೊಂದಿಗೆ ಕೂಡಿದರೆ ಟಿನ್ ಡೈಆಕ್ಸೈಡ್ ಎಂಬ ಬಿಳಿ ಪುಡಿ. 1962ರಲ್ಲಿ ಜಪಾನಿನ ನವೋಯೋಶಿ ತಗುಚಿ ಈ ಪುಡಿಯನ್ನೇ ಗ್ಯಾಸ್ ಹಿಡಿಯುವ ಸೆನ್ಸರ್ ಮಾಡಿ ಪೇಟೆಂಟಿಗೆ ಅರ್ಜಿ ಹಾಕಿದರು. ಇವತ್ತು ಎಂಕ್ಯೂ-6 ಎಂಬ ಹೆಸರಲ್ಲಿ ಅಗ್ಗಕ್ಕೆ ಸಿಗುವ, ಕಾಲೇಜು ಹುಡುಗರು ಪ್ರಾಜೆಕ್ಟಿಗೆ ತರುವ ಗುಂಡಗಿನ ಸೆನ್ಸರ್ ಅದೇ ವಂಶದ್ದು.

ಅದರ ಒಳಗೆ ಬೆರಳುಗುರಿಗಿಂತ ಚಿಕ್ಕ ಕೊಳವೆ, ಅದರ ಮೈಗೆ ತವರದ ಆಕ್ಸೈಡಿನ ಲೇಪ, ನಡುವೆ ಒಂದು ಸಣ್ಣ ಹೀಟರ್. ಹೀಟರ್ ಆ ಲೇಪವನ್ನು ಇನ್ನೂರು ಮುನ್ನೂರು ಡಿಗ್ರಿಗೆ ಕಾಯಿಸಿ ಇಡುತ್ತದೆ. ಕಾದ ಲೇಪದ ಕಣಗಳ ಮೇಲೆ ಗಾಳಿಯ ಆಮ್ಲಜನಕ ಬಂದು ಕೂರುತ್ತದೆ, ಸಾಹುಕಾರ ಬಂಗಾರ ಒತ್ತೆ ಇಟ್ಟುಕೊಂಡ ಹಾಗೆ ಕಣದ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಕರೆಂಟ್ ಹರಿಯಬೇಕೆಂದರೆ ಓಡಾಡುವ ಎಲೆಕ್ಟ್ರಾನು ಬೇಕು. ಅವೇ ಒತ್ತೆ ಬಿದ್ದಿವೆ, ಹಾಗಾಗಿ ಕರೆಂಟ್ ಕಷ್ಟಪಟ್ಟು ಹರಿಯುತ್ತದೆ. ಶರಣಬಸವೇಶ್ವರ ರಥೋತ್ಸವದ ದಿನ ಓಣಿ ಓಣಿಯ ಬಾಯಿಗೆ ಬ್ಯಾರಿಕೇಡ್ ಹಾಕಿರುತ್ತಾರಲ್ಲ, ಹಾಗೆ ಕಣಕ್ಕೂ ಕಣಕ್ಕೂ ನಡುವೆ ಒಂದೊಂದು ತಡೆ. ಈಗ ಪ್ರೋಪೇನ್ ಬಂತು ಅನ್ನಿ. ಅದು ಕಾದ ಮೈಮೇಲೆ ಕೂತ ಆಮ್ಲಜನಕದ ಜತೆ ಕೂಡಿ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ. ಸಾಹುಕಾರನೇ ಊರು ಬಿಟ್ಟ ಮೇಲೆ ಒತ್ತೆಯ ಮಾತೇನು? ಎಲೆಕ್ಟ್ರಾನುಗಳು ಮನೆಗೆ ಮರಳುತ್ತವೆ, ಬ್ಯಾರಿಕೇಡ್ ತೆರೆದುಕೊಳ್ಳುತ್ತವೆ, ಕರೆಂಟ್ ನುಗ್ಗುತ್ತದೆ. ಪುಡಿ ನುಣುಪಾದಷ್ಟೂ ಮೂಗು ಚುರುಕು. ಜೋಳದ ಕಾಳಿಗಿಂತ ಜೋಳದ ಹಿಟ್ಟು ಬೇಗ ನೀರು ಕುಡಿಯುವ ಹಾಗೆ, ಎಲ್ಲ ನಡೆಯುವುದು ಕಣದ ಮೈಮೇಲೆ ಮಾತ್ರ. ಗ್ಯಾಸ್ ಹೋದರೆ ಆಮ್ಲಜನಕ ಮತ್ತೆ ಬಂದು ಕೂರುತ್ತದೆ. ಒಂದು ಕೆಲಸವನ್ನು ವರ್ಷಗಟ್ಟಲೆ ಸದ್ದಿಲ್ಲದೆ ಮಾಡುತ್ತಾ ಕೂರುವ ಈ ಚಿಟಿಕೆ ಪುಡಿ ನನಗೆ ಯಾವ ಪವಾಡಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ಬೆಂಕಿಗೆ ಹೆದರಿ ಹಚ್ಚಿದ ಡಬ್ಬಿಯೊಳಗೇ ಮುನ್ನೂರು ಡಿಗ್ರಿಯ ಕಾವು ಯಾಕೆ, ಅದೇ ಗ್ಯಾಸಿಗೆ ಕಿಡಿ ಕೊಡುವುದಿಲ್ಲವೇ ಎಂದು ಅಕ್ಕ ಕೇಳಿದಳು. ಒಳ್ಳೆಯ ಪ್ರಶ್ನೆ. ಸೆನ್ಸರಿನ ತಲೆ ಮೇಲಿನ ಉಕ್ಕಿನ ಜಾಲರಿಯೇ ಅದಕ್ಕೆ ಉತ್ತರ. 1815ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಕಲ್ಲಿದ್ದಲು ಗಣಿಗಾರರಿಗೆ ದೀಪ ಮಾಡುವಾಗ ಕಂಡುಕೊಂಡ ಸತ್ಯ ಇದು: ಸಣ್ಣ ಕಣ್ಣಿನ ತಂತಿ ಜಾಲರಿಯ ಮೂಲಕ ಗ್ಯಾಸ್ ಒಳಗೆ ಬರುತ್ತದೆ, ಆದರೆ ಒಳಗಿನ ಉರಿ ಹೊರಗೆ ದಾಟುವುದಿಲ್ಲ. ತಂತಿಗಳು ಅದರ ಕಾವನ್ನು ಹೀರಿ ಆರಿಸಿಬಿಡುತ್ತವೆ. ಗಣಿಯಲ್ಲಿ ಮೀಥೇನ್ ಇದ್ದರೆ ದೀಪದ ಉರಿಗೆ ನೀಲಿ ಟೋಪಿ ಬರುತ್ತಿತ್ತು, ಉಸಿರಾಡುವ ಗಾಳಿ ಕೆಟ್ಟಿದ್ದರೆ ದೀಪ ಆರುತ್ತಿತ್ತು. ಹಾಳು ಬಾವಿಗೆ ಇಳಿಯುವ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಬಿಟ್ಟು ನೋಡುತ್ತಿದ್ದ ನಮ್ಮ ಹಿರಿಯರೂ ಇದೇ ಪರೀಕ್ಷೆ ಮಾಡುತ್ತಿದ್ದರು. ಕಂದೀಲು ಆರಿದ್ದು ದೆವ್ವ ಊದಿದ್ದಕ್ಕೆ ಎಂದು ಕಥೆ ಕಟ್ಟಿದವರು ಒಂದು ಒಳ್ಳೆಯ ವಿಜ್ಞಾನವನ್ನು ಹಾಳು ಮಾಡಿದರು.

ಈ ತವರದ ಮೂಗಿಗೆ ಒಂದು ಕೊರತೆ ಇದೆ. ಉರಿಯುವಂಥದ್ದು ಏನೋ ಬಂದಿದೆ ಎಂದಷ್ಟೇ ಅದಕ್ಕೆ ತಿಳಿಯುವುದು. ಸ್ಯಾನಿಟೈಸರು, ಅತ್ತರು, ಊದಿನಕಡ್ಡಿ ಹೊಗೆ, ಯಾವುದಕ್ಕಾದರೂ ಅದು ಕೂಗಬಹುದು. ಹಾಗಾಗಿ ಬೇರೆ ಬೇರೆ ಲೋಹ ಬೆರೆಸಿದ, ಬೇರೆ ಬೇರೆ ಕಾವಿನಲ್ಲಿಟ್ಟ ಸೆನ್ಸರುಗಳನ್ನು ಒಟ್ಟಿಗೆ ಕೂರಿಸುತ್ತಾರೆ. ಮೀಥೇನ್ ಗಟ್ಟಿ ಜೀವ, ಹೆಚ್ಚು ಕಾವಿಲ್ಲದೆ ಬಗ್ಗುವುದಿಲ್ಲ. ಬ್ಯೂಟೇನ್ ಬೇಗ ಬಗ್ಗುತ್ತದೆ. ಮೂವರು ಅತ್ತಿಗೆಯರು ಸಾರಿನ ರುಚಿ ನೋಡಿ ಒಬ್ಬಳು ಉಪ್ಪು, ಒಬ್ಬಳು ಹುಳಿ, ಒಬ್ಬಳು ಖಾರ ಹೇಳಿದರೆ ಮೂರನ್ನೂ ಕೂಡಿಸಿ ಅದು ಯಾರ ಮನೆಯ ಸಾರೆಂದು ಹೇಳಬಹುದಲ್ಲ? 1982ರಲ್ಲಿ ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಪರ್ಸಾಡ್ ಮತ್ತು ಡಾಡ್ ಹೀಗೆಯೇ ಕೆಲವು ಸೆನ್ಸರುಗಳ ಉತ್ತರ ಕೂಡಿಸಿ ವಾಸನೆಗಳನ್ನು ಬೇರ್ಪಡಿಸಿ ತೋರಿಸಿದರು. ನನ್ನ ಮಟ್ಟಿಗೆ ಸ್ಮಾರ್ಟ್ ಎನ್ನುವ ಮಾತು ಸಲ್ಲುವುದು ಈ ಲೆಕ್ಕಾಚಾರಕ್ಕೆ, ಫೋನಿಗೆ ಬರುವ ಮೆಸೇಜಿಗಲ್ಲ. ಕಲಬುರಗಿಯ ಏಪ್ರಿಲ್ಲಿನ ಒಣ ಬಿಸಿಲಿಗೂ ಆಷಾಢದ ತೇವಕ್ಕೂ ಸೆನ್ಸರಿನ ಓದು ಬದಲಾಗುತ್ತದೆ. ಒಳ್ಳೆಯ ಡಬ್ಬಿ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ, ಅಪಾಯ ಕಂಡರೆ ತಾನೇ ಗ್ಯಾಸಿನ ವಾಲ್ವ್ ಮುಚ್ಚುತ್ತದೆ.

ಎಲ್ಲಾದರೂ ಸಿಲಿಂಡರ್ ಹೊತ್ತಿಕೊಂಡ ಸುದ್ದಿ ಬಂದರೆ ಮೊದಲು ಕೇಳುವ ಮಾತು, "ಒಲೆ ಆಗ್ನೇಯಕ್ಕಿತ್ತೇನು?" ಇದು ನನಗೆ ನಿಜಕ್ಕೂ ಚಿಂತೆಯ ಮಾತು. ಒಲೆಯನ್ನು ಅಗ್ನಿಮೂಲೆಗೆ ಸರಿಸಲೆಂದು ಇದ್ದೊಂದು ಕಿಟಕಿಯನ್ನು ಮುಚ್ಚಿಸಿದ ಮನೆಯನ್ನು ನಾನೇ ನೋಡಿದ್ದೇನೆ. ರೆಗ್ಯುಲೇಟರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವವರು ಅದರ ಕೆಳಗಿನ ರಬ್ಬರ್ ರಿಂಗ್ ಸೀಳಿದೆಯೇ ಎಂದು ನೋಡಿರುವುದಿಲ್ಲ. ನೋಡಬೇಕಾದ್ದು ಆ ರಿಂಗನ್ನು, ಪೈಪಿನ ಮೇಲಿನ ತಾರೀಖನ್ನು. ಸೋರಿಕೆ ಹುಡುಕಲು ಸಾಬೂನು ನೊರೆ ಹಚ್ಚಿರಿ, ಕಡ್ಡಿ ಗೀರಬೇಡಿ.

ಡಬ್ಬಿಯನ್ನು ಕೆಳಗಿಳಿಸಿ, ಸಿಲಿಂಡರಿನಿಂದ ತುಸು ದೂರ, ಫರಸಿಯಿಂದ ಒಂದು ಗೇಣು ಮೇಲೆ ಹಚ್ಚಿದೆವು. ಹಿಟ್ಟಿನ ಡಬ್ಬಿ ಅಡ್ಡ ಬರದಂತೆ ಜಾಗ ಬಿಟ್ಟೆವು. ಕರೆಂಟ್ ಹೋದರೆ ಹೀಟರ್ ಆರಿ ಮೂಗು ಸತ್ತ ಹಾಗೆ, ಆದ್ದರಿಂದ ಇನ್ವರ್ಟರಿನ ಲೈನಿಗೆ ಸೇರಿಸಿದೆವು. ಸೋರಿದಾಗ ಏನು ಮಾಡಬೇಕೆಂದು ಅಕ್ಕನಿಗೆ ಹೇಳಿದೆ. ಯಾವ ಸ್ವಿಚ್ಚನ್ನೂ ಹಾಕುವುದೂ ಬೇಡ, ಆರಿಸುವುದೂ ಬೇಡ, ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡು.

ಹೀಟರ್ ಕಾಯಲು ಬಿಟ್ಟು ಚಹಾ ಕುಡಿದು, ಮತ್ತೆ ಎಲ್ಲ ಆರಿಸಿ, ಅಕ್ಕನಿಗೆ ಹೇಳದೆ ಲೈಟರ್ ಒತ್ತಿದೆ. ನಾನು ಎಣಿಸುವುದರೊಳಗೆ ಡಬ್ಬಿ ಕಿರುಚಿತು. ಪಡಸಾಲೆಯಿಂದ ಓಡಿ ಬಂದವಳು ರೆಗ್ಯುಲೇಟರ್ ಬಂದ್ ಮಾಡಿ, ಹಿತ್ತಲ ಬಾಗಿಲು ತೆರೆದು, ಫ್ಯಾನಿನ ಸ್ವಿಚ್ಚಿನ ಕಡೆ ಹೋದ ಕೈಯನ್ನು ಅರ್ಧಕ್ಕೇ ಹಿಂತೆಗೆದು ಅಂಗಳಕ್ಕೆ ಹೋದಳು. ಅಷ್ಟರಲ್ಲಿ ಗಂಜ್ ಬಜಾರಿನ ಅಂಗಡಿಯಿಂದ ಭಾವನ ಫೋನು.

"ಎಲ್ಲಾ ಬಂದ್ ಮಾಡೀನ್ರಿ, ಹೊರಗ ನಿಂತೀನಿ," ಎಂದಳು ಅಕ್ಕ. "ಗಾಬರಿ ಆಗಬ್ಯಾಡ್ರಿ, ತಮ್ಮ ಪರೀಕ್ಷಾ ಮಾಡ್ಲಿಕತ್ತಾನ."