ಪದ ಪರಿಚಯ: ಮಿಡಿ

ಗಂಗಾವತಿಯಲ್ಲಿ ನಮ್ಮ ಓಣಿಯ ಹುಡುಗನೊಬ್ಬ ತಾನು ಕಂಪ್ಯೂಟರಿನಲ್ಲಿ ಕಟ್ಟಿದ ಮೊದಲ ಮಟ್ಟನ್ನು ನನಗೆ ಕಳುಹಿಸಿದ. ಅವನ ಮನೆಯಲ್ಲಿ ಅದು ಶಹನಾಯಿಯಾಗಿ ನುಡಿದಿತ್ತು. ನಾನು ತೆರೆದರೆ ಪಿಯಾನೊ ಟಿಣ್ ಟಿಣ್ ಎಂದಿತು. ‘ಅಣ್ಣಾ, ನನ್ನ ಶಹನಾಯಿ ಎಲ್ಲಿ ಹೋಯಿತು?’ ಎಂದು ಫೋನಿನಲ್ಲಿ ಕೇಳಿದ. ಅದು ಎಲ್ಲಿಗೂ ಹೋಗಿರಲಿಲ್ಲ. ಅವನು ಕಳುಹಿಸಿದ ಫೈಲಿನಲ್ಲಿ ಶಹನಾಯಿಯೂ ಇರಲಿಲ್ಲ, ಪಿಯಾನೊವೂ ಇರಲಿಲ್ಲ, ಯಾವ ದನಿಯೂ ಇರಲಿಲ್ಲ. ಅದು ಮಿಡಿ ಫೈಲು.

‘ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್’ ಎಂಬುದರ ಮೊದಲಕ್ಷರಗಳು ಸೇರಿ ಮಿಡಿ ಆಗಿದೆ. ವಾದ್ಯಗಳು ತಮ್ಮತಮ್ಮಲ್ಲಿಯೂ ಕಂಪ್ಯೂಟರಿನೊಂದಿಗೂ ಆಡುವ ಭಾಷೆ ಅದು. ತಂತಿ ಮಿಡಿಯುವುದು, ನಾಡಿ ಮಿಡಿಯುವುದು ಎನ್ನುವ ನಮ್ಮ ಮಾತಿಗೂ ಇದಕ್ಕೂ ಹುಟ್ಟಿನ ನಂಟಿಲ್ಲ. ಆದರೂ ಈ ಹೊಂದಿಕೆ ನನಗೆ ಪ್ರಿಯ. ತಂತಿಯನ್ನು ಮಿಡಿಯುವುದು ಬೆರಳು. ಈ ಮಿಡಿ ಬರೆದಿಡುವುದೂ ಬೆರಳು ಮಾಡಿದ್ದನ್ನೇ.

ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಕಾರ್ಡ್ ಮಗ್ಗದ ಮೇಲೆ ತೂಗುವ, ತೂತು ಹೊಡೆದ ರಟ್ಟುಗಳ ಸರದಲ್ಲಿ ಒಂದೆಳೆ ನೂಲೂ ಇರುವುದಿಲ್ಲ. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂಬುದಷ್ಟೇ ಅದರಲ್ಲಿದೆ. ಅದೇ ರಟ್ಟಿಗೆ ಕೆಂಪು ರೇಷ್ಮೆ ಕೊಟ್ಟರೆ ಕೆಂಪು ಹೂವು, ಹಸಿರು ಕೊಟ್ಟರೆ ಹಸಿರು ಹೂವು. ಸಂಗೀತದ ತಂತ್ರಾಂಶದಲ್ಲಿ ಸ್ವರಗಳನ್ನು ಜೋಡಿಸುವ ಚೌಕಳಿ ಹಾಳೆಗೆ ‘ಪಿಯಾನೊ ರೋಲ್’ ಎಂಬ ಹೆಸರು ಬಂದದ್ದೂ ತೂತು ಹೊಡೆದ ಕಾಗದದ ಸುರುಳಿಯಿಂದ. ತಾನೇ ನುಡಿಯುವ ಹಳೆಯ ಪಿಯಾನೊಗಳಿಗೆ ಅಂಥ ಸುರುಳಿ ಹಾಕುತ್ತಿದ್ದರು.

ಒಂದು ಕೀ ಒತ್ತಿದರೆ ಮೂರು ಸಂಖ್ಯೆಗಳು ಹೊರಡುತ್ತವೆ: ಇಂಥ ಚಾನೆಲ್‌ನಲ್ಲಿ, ಎಂದರೆ ವಾದ್ಯಕ್ಕೊಂದರಂತೆ ಬಿಟ್ಟುಕೊಡುವ ದಾರಿಯಲ್ಲಿ, ಸ್ವರ ಶುರುವಾಗಲಿ ಎಂಬ ಆಜ್ಞೆ, ಯಾವ ಸ್ವರ ಎಂಬುದು, ಎಷ್ಟು ರಭಸದಿಂದ ಒತ್ತಿದಿರಿ ಎಂಬುದು. ಬೆರಳೆತ್ತಿದಾಗ ಸ್ವರ ಮುಗಿಯಿತೆಂಬ ಇನ್ನೊಂದು ಸಂದೇಶ. ಸ್ವರಕ್ಕೂ ರಭಸಕ್ಕೂ 0ಯಿಂದ 127ರವರೆಗೆ ಅವಕಾಶವಿದೆ. ಭಜನಾ ಮಂಡಳಿಯ ಹಾರ್ಮೋನಿಯಂನಲ್ಲಿ ನಾವು ‘ಬಿಳಿ ಒಂದು’ ಎನ್ನುವ ನಡು ಸಪ್ತಕದ ಮನೆ ಇಲ್ಲಿ 60, ‘ಕಪ್ಪು ಒಂದು’ 61, ‘ಬಿಳಿ ಎರಡು’ 62. ಹಾರ್ಮೋನಿಯಂ ಬಲ್ಲವರು ಹೆದರಬೇಕಾದದ್ದು ಏನೂ ಇಲ್ಲ.

1983ರ ಜನವರಿಯಲ್ಲಿ ಅಮೆರಿಕದ ವಾದ್ಯಗಳ ಮೇಳವೊಂದರಲ್ಲಿ ವಿದ್ಯುತ್ತಿನಿಂದ ದನಿ ಹುಟ್ಟಿಸುವ, ಅಲ್ಲಿನ ಪ್ರಾಫೆಟ್-600 ಎಂಬ ಸಿಂಥಸೈಜರ್‌ಗೂ ಜಪಾನಿನ ರೋಲ್ಯಾಂಡ್ ಕಂಪನಿಯ ಜುಪಿಟರ್-6ಕ್ಕೂ ಒಂದು ಕೇಬಲ್ ಸಿಕ್ಕಿಸಿ, ಒಂದರ ಕೀ ಒತ್ತಿದರೆ ಇನ್ನೊಂದು ನುಡಿಯುವುದನ್ನು ತೋರಿಸಿದರು. ಪೈಪೋಟಿಯ ಕಂಪನಿಗಳು ಒಂದೇ ಭಾಷೆಗೆ ಒಪ್ಪಿದ್ದವು, ಆ ಭಾಷೆಗೆ ಬಾಡಿಗೆಯನ್ನೂ ಇಡಲಿಲ್ಲ. ಇದರ ಹಿಂದಿದ್ದ ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಅವರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಸಂದಿತು. 2020ರಲ್ಲಿ ಮಿಡಿ 2.0 ಬಂದಿದೆ, ಹೊಸಬರ ಕೈಗೆ ಸಿಗುವುದು ಬಹುಮಟ್ಟಿಗೆ ಇನ್ನೂ ಹಳೆಯದೇ.

ಇನ್ನು ಹುಡುಗನ ಶಹನಾಯಿ. 1991ರಲ್ಲಿ ‘ಜನರಲ್ ಮಿಡಿ’ ಎಂಬ ಒಪ್ಪಂದವಾಗಿ 128 ವಾದ್ಯಗಳಿಗೆ ಸಂಖ್ಯೆ ಕೊಟ್ಟರು. ಪಿಯಾನೊ 1, ಸಿತಾರ್ 105, ಶಹನಾಯಿ 112. ಫೈಲಿನಲ್ಲಿ ವಾದ್ಯದ ಸಂಖ್ಯೆ ಇಲ್ಲದಿದ್ದರೆ ತಂತ್ರಾಂಶ ಸಾಮಾನ್ಯವಾಗಿ 1ನ್ನೇ ಹಿಡಿಯುತ್ತದೆ. 112 ಎಂದು ಬರೆದು ಕಳುಹಿಸೆಂದೆ, ಬಂತು. ಅವನ ಮನೆಯ ಶಹನಾಯಿಯಷ್ಟು ಇಂಪಾಗಿರಲಿಲ್ಲ, ಏಕೆಂದರೆ ದನಿ ನನ್ನ ಕಂಪ್ಯೂಟರಿನದು. ದನಿಯೂ ಸೇರಿ ಹೋಗಬೇಕೆಂದರೆ ಎಂಪಿ3 ಅಥವಾ ವೇವ್ ಫೈಲು ಮಾಡಿ ಕಳುಹಿಸಬೇಕು.

ಇದೇ ಗೊಂದಲ ಬಳ್ಳಾರಿಯ ಪರಿಚಿತರ ಮನೆಯಲ್ಲೂ ಆಗಿತ್ತು. ಮಗಳಿಗೆಂದು 25 ಕೀಗಳ ಪುಟ್ಟ ಮಿಡಿ ಕೀಬೋರ್ಡ್ ತರಿಸಿದ್ದರು. ದೀಪ ಹತ್ತಿತು, ದನಿ ಬರಲಿಲ್ಲ. ಕೆಟ್ಟಿದೆಯೆಂದು ಮರಳಿಸಲು ಪೆಟ್ಟಿಗೆ ಕಟ್ಟಿಟ್ಟಿದ್ದರು. ಅದಕ್ಕೆ ಸ್ಪೀಕರೇ ಇರುವುದಿಲ್ಲ, ಅದು ಸಂಖ್ಯೆಗಳನ್ನಷ್ಟೇ ಕಳುಹಿಸುತ್ತದೆ. ಲ್ಯಾಪ್‌ಟಾಪಿಗೆ ಜೋಡಿಸಿ, ಉಚಿತವಾಗಿ ಸಿಗುವ ಎಲ್‌ಎಂಎಂಎಸ್ ತಂತ್ರಾಂಶ ತೆರೆದ ಮೇಲೆ ಆ ಮಗು ರಾತ್ರಿಯವರೆಗೆ ಎದ್ದೇಳಲಿಲ್ಲ. ಶುರುಮಾಡಲು ಆ ಕೀಬೋರ್ಡೂ ಕಡ್ಡಾಯವೇನಲ್ಲ, ಮೌಸ್ ಸಾಕು.

ಹೊಸಬರು ಹೊಸ ಹೊಸ ದನಿಗಳ ಕಟ್ಟುಗಳನ್ನು ಹುಡುಕಿ ತಿಂಗಳುಗಟ್ಟಲೆ ಕಳೆಯುತ್ತಾರೆ. ಅದಕ್ಕೆ ಮೊದಲು ರಭಸದ ಅಂಕಿಯನ್ನು ಕಲಿಯಬೇಕೆಂಬುದು ನನ್ನ ಖಚಿತ ಮಾತು. ಅದೇ ಹುಡುಗ ಮುದಗಲ್ಲಿನ ಮೊಹರಂನಲ್ಲಿ ಕೇಳಿದ ಹಲಗೆಯ ನಡೆಯನ್ನು ಚೌಕಳಿಗೆ ಇಳಿಸಿಕೊಂಡು ಬಂದ. ಪೆಟ್ಟುಗಳು ಇರಬೇಕಾದಲ್ಲೇ ಇದ್ದವು, ಆದರೆ ಗಿರಣಿಯ ಸದ್ದಿನಂತಿತ್ತು. ನೋಡಿದರೆ ಎಲ್ಲ ಪೆಟ್ಟಿನ ರಭಸವೂ 100, ಎಲ್ಲವೂ ಗೆರೆಗೆ ಸರಿಯಾಗಿ ಕೂತಿವೆ. ಇಬ್ಬರೂ ಕುಳಿತು ದಪ್ಪ ಕೋಲಿನ ಮೊದಲ ಪೆಟ್ಟನ್ನು 118ಕ್ಕೆ ಏರಿಸಿದೆವು. ತೆಳು ಕಡ್ಡಿಯ ಪೆಟ್ಟುಗಳನ್ನು 55, 70, 48 ಎಂದು ಇಳಿಸಿದೆವು. ಕೊನೆಯ ಪೆಟ್ಟನ್ನು ಗೆರೆಯಿಂದ ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದೆವು. ದನಿ ಅದೇ, ಹಳೆಯದೇ. ಅಡುಗೆ ಮನೆಯಲ್ಲಿದ್ದ ಅವನ ಅವ್ವ ಹೊರಗೆ ಬಂದು ‘ಯಾರ ಮನೆ ಮುಂದೆ ಹಲಗೆ?’ ಎಂದು ಕೇಳಿದರು.

ಮಿಡಿಗೆ ಎಟುಕದ್ದೂ ಇದೆ. ರಾಯಚೂರು ಸೀಮೆಯ ತತ್ವಪದದವರು ಏಕತಾರಿ ಹಿಡಿದು ಹಾಡುವಾಗ ಸ್ವರ ಮೆಟ್ಟಿಲಿಳಿಯುವುದಿಲ್ಲ, ಜಾರುತ್ತದೆ. ಅದಕ್ಕೆ ‘ಪಿಚ್ ಬೆಂಡ್’ ಎಂಬ ಸಂದೇಶವಿದೆ. 16,384 ಹಂತಗಳಲ್ಲಿ ಸ್ವರವನ್ನು ಬಾಗಿಸುತ್ತದೆ, ವಾಡಿಕೆಯಲ್ಲಿ ಮೇಲಕ್ಕೂ ಕೆಳಕ್ಕೂ ಎರಡೆರಡು ಮನೆಯಷ್ಟು. ಆದರೆ ಅದು ಇಡೀ ಚಾನೆಲ್ಲನ್ನೇ ಬಾಗಿಸುತ್ತದೆ. ಹಾಡಿನ ಮಟ್ಟನ್ನೂ ಶ್ರುತಿಯನ್ನೂ ಒಂದೇ ಚಾನೆಲ್‌ನಲ್ಲಿ ಇಟ್ಟರೆ ಶ್ರುತಿಯೂ ಜಾರಿ ಕೆಡುತ್ತದೆ. ಚಾನೆಲ್‌ಗಳು 16 ಇವೆ, ಶ್ರುತಿಗೆ ಒಂದನ್ನು ಬೇರೆಯೇ ಇಡಿ.

ಹಲಗೆಯವರು ಬಾರಿಸುವ ಮೊದಲು ಬೆಂಕಿಗೆ ಹಿಡಿದು ಚರ್ಮ ಕಾಯಿಸುತ್ತಾರೆ. ಬಿಗಿಯಾದ ಚರ್ಮದ ಆ ಠಣತ್ಕಾರ ಯಾವ ಸಂಖ್ಯೆಯಲ್ಲೂ ಇಲ್ಲ, 128 ವಾದ್ಯಗಳ ಪಟ್ಟಿಯಲ್ಲೂ ಇಲ್ಲ. ಅದನ್ನು ನಾವೇ ಹಿಡಿದು ತರಬೇಕು. ಮೆಲ್ಲಗೆ, ನಡುವೆ, ಜೋರಾಗಿ ಬಾರಿಸಿದ ಪೆಟ್ಟುಗಳನ್ನು ಬೇರೆಬೇರೆಯಾಗಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ, ‘ಸ್ಯಾಂಪ್ಲರ್’ ಎಂಬ ಸಾಧನಕ್ಕೆ ಹಾಕಿ, 1ರಿಂದ 50ರವರೆಗಿನ ರಭಸಕ್ಕೆ ಮೆಲ್ಲನೆಯದು, 100 ದಾಟಿದರೆ ಜೋರಿನದು ಎಂದು ಹಂಚಿಕೊಡಬಹುದು. ಆಗ ಅದೇ ಅಂಕಿಗಳಿಗೆ ನಮ್ಮೂರಿನ ಹಲಗೆ ಓಗೊಡುತ್ತದೆ. ಹುಡುಗ ಈಗ ಹಲಗೆ ಬಾರಿಸುವ ಹಿರಿಯರೊಬ್ಬರನ್ನು ಒಪ್ಪಿಸಿದ್ದಾನೆ. ಬರುವ ಭಾನುವಾರ ಬೆಳಿಗ್ಗೆ, ಬೆಂಕಿ ಹಾಕಿದ ಮೇಲೆ ಕರೆಯುತ್ತೇನೆ ಎಂದಿದ್ದಾರಂತೆ.