ಗಂಟು ಕಟ್ಟಿದ ಸಿಮೆಂಟನ್ನು ಗಾಳಿಸಿ ಬಳಸಬಹುದಾ?

ಪ್ರಶ್ನೆ: ಮೇ ತಿಂಗಳಲ್ಲಿ ಮನೆ ಒಕ್ಕಲಾಯಿತು. ಆರು ಚೀಲ ಸಿಮೆಂಟ್, ಸ್ವಲ್ಪ ಹೊಯ್ಗೆ, ಕೆಂಪುಕಲ್ಲು, ಕಬ್ಬಿಣದ ತುಂಡುಗಳು ಉಳಿದಿವೆ. ಮಳೆ ಮುಗಿದ ಮೇಲೆ ಕಂಪೌಂಡಿಗೆ ಬಳಸಬಹುದಾ? (ಕೇರಳದ ಬದಿಯಡ್ಕದ ಓದುಗರು)

ಮಳೆಗಾಲ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಪ್ರತಿ ವರ್ಷ ನನ್ನದು ಅದೇ ಉತ್ತರ. ಕೆಂಪುಕಲ್ಲು ಅಂಗಳದಲ್ಲೇ ಇರಲಿ, ಗಾಳಿಗೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಹೊಯ್ಗೆಗೆ ಟರ್ಪಾಲು ಮುಚ್ಚಿ, ಇಲ್ಲದಿದ್ದರೆ ತೋಡು ಸೇರುತ್ತದೆ. ಕಬ್ಬಿಣದ ತುಂಡುಗಳು ಗುಜರಿಗೆ. ಸಿಮೆಂಟನ್ನು ಮಾತ್ರ ಈ ವಾರವೇ ಮುಗಿಸಿ.

ಹೀಗೆ ಹೇಳಿದ ಕೂಡಲೇ ಯಾರಾದರೊಬ್ಬರು ಶುರು ಮಾಡುತ್ತಾರೆ: "ಗಂಟಾದರೆ ಏನಾಯ್ತು ಮಾರಾಯ್ರೆ? ಬಿಸಿಲಿಗೆ ಹಾಕಿ, ಕುಟ್ಟಿ, ಗಾಳಿಸಿದರೆ ಆಯ್ತಲ್ಲ!"

ಆಗುವುದಿಲ್ಲ. ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ಸೇರಿ. ಅದಕ್ಕೇ ಅಲ್ವಾ ಸ್ಲ್ಯಾಬ್ ಹಾಕಿದ ಮೇಲೆ ದಿನಗಟ್ಟಲೆ ನೀರು ನಿಲ್ಲಿಸುವುದು? ಆ ನೀರು ಪೈಪಿನಿಂದಲೇ ಬರಬೇಕೆಂದಿಲ್ಲ. ಜೋರು ಮಳೆಯ ಆಟಿ ತಿಂಗಳ ಗಾಳಿಯಲ್ಲಿರುವ ತೇವವೇ ಸಾಕು. ಚೀಲದ ಹೊಲಿಗೆಯಿಂದ, ನೇಯ್ಗೆಯ ಸಂದಿಯಿಂದ ಸುಮ್ನೆ ಒಳಗೆ ನುಗ್ಗುತ್ತದೆ. ಕುಚ್ಚಲಕ್ಕಿ ಅನ್ನವನ್ನು ಒಣಗಿಸಿ ಹುಡಿ ಮಾಡಿದರೆ ಮತ್ತೆ ಅಕ್ಕಿಯಾಗುತ್ತದಾ? ಇದೂ ಹಾಗೆಯೇ. ಕಾರ್ಖಾನೆಯಲ್ಲಿ ಸಿಮೆಂಟಿನ ಕಲ್ಲನ್ನು ಸುಡುವುದು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಅಡಿಕೆ ಒಣಗಿಸುವ ಬಿಸಿಲಿಗೆ ಆ ಕೆಲಸ ಆಗದು.

ಗಾಳಿಸಿದಾಗ ಕೆಳಗೆ ಬೀಳುವ ನಯವಾದ ಹುಡಿಯನ್ನೂ ನಂಬಬೇಡಿ. ಅದೂ ಅದೇ ಚೀಲದಲ್ಲಿ ತೇವ ಕುಡಿದದ್ದು. ಮೂರು ತಿಂಗಳು ಇಟ್ಟ ಸಿಮೆಂಟಿನ ಬಲ ಸುಮಾರು ಶೇ 20, ಆರು ತಿಂಗಳಿಗೆ ಶೇ 30ರಷ್ಟು ಇಳಿಯುತ್ತದೆ ಎಂಬುದು ಸಿವಿಲ್ ಪಾಠಪುಸ್ತಕಗಳ ಲೆಕ್ಕ. ತೇವ ಜಾಸ್ತಿ ಇದ್ದಲ್ಲಿ ಇನ್ನೂ ಬೇಗ.

ಹಾಗಾದರೆ ಕೆಲವು ಮೇಸ್ತ್ರಿಗಳು ಗಂಟು ಒಡೆದು ಬಳಸಿದ್ದು? ಅದು ಬೇರೆ ಗಂಟು. ಅಟ್ಟಿಯ ಅಡಿಯ ಚೀಲ ಮೇಲಿನ ಭಾರಕ್ಕೆ ಅಮುಕಿ ಗಂಟಾಗುತ್ತದೆ. ಚೀಲವನ್ನು ಒಮ್ಮೆ ಉರುಳಿಸಿದರೆ, ಬೆರಳಲ್ಲಿ ಹಿಸುಕಿದರೆ ಹುಡಿಯಾಗುತ್ತದೆ. ಅದನ್ನು ಬಳಸಿ, ತೊಂದರೆಯಿಲ್ಲ. ಬೆರಳಿಗೆ ಬಗ್ಗದ ಗಂಟು ಸಿಕ್ಕಿತೋ, ಆ ಚೀಲ ಗೋಡೆಗೆ ಬೇಡ, ಸಾರಣೆಗೂ ಬೇಡ. ಈ ಎರಡನ್ನು ಒಂದೇ ಎಂದುಕೊಂಡದ್ದರಿಂದಲೇ ಇಷ್ಟೆಲ್ಲ ಗೊಂದಲ.

ನಿಮ್ಮ ಆರು ಚೀಲದಲ್ಲಿ ಬಿಚ್ಚದವನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುತ್ತಾರಾ ಕೇಳಿ. ಇಲ್ಲವೆಂದರೆ ಮನೆ ಕಟ್ಟುತ್ತಿರುವ ನೆರೆಯವರಿಗೆ ಕೊಡಿ. ಒಂದೆರಡು ಚೀಲ ಹಟ್ಟಿಯ ನೆಲಕ್ಕೆ, ಬಟ್ಟೆ ಒಗೆಯುವ ಕಲ್ಲಿನ ಸುತ್ತ ಮುಗಿಯುತ್ತದೆ. ಖಾಲಿ ಚೀಲ ಸುಡಬೇಡಿ, ಅದು ಪ್ಲಾಸ್ಟಿಕ್. ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಡಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಒಡೆದ ಕಲ್ಲು, ಸಾರಣೆ ಚೂರುಗಳನ್ನು ಪಕ್ಕದ ಗದ್ದೆಗೆ ಸುರಿಯಬೇಡಿ. ಹಡಿಲು ಬಿದ್ದ ಗದ್ದೆಯಾದರೂ ಸರಿ. ಗದ್ದೆ ತುಂಬಿಸುವುದನ್ನು ತಡೆಯಲೆಂದೇ ಕೇರಳದಲ್ಲಿ 2008ರ ಕಾಯ್ದೆ ಇದೆ. ಕಾಯ್ದೆ ಬಿಡಿ, ಆ ಗದ್ದೆಯಲ್ಲಿ ನಿಂತ ಮಳೆನೀರೇ ಇಂಗಿ ಬೇಸಿಗೆಯಲ್ಲಿ ಸುತ್ತಲಿನ ಬಾವಿಗಳಿಗೆ ಬರುವುದು. ಚೂರುಗಳನ್ನು ನಿಮ್ಮ ಗೇಟಿನಿಂದ ಅಂಗಳದವರೆಗೆ ಹರಡಿ, ಗುದ್ದಿ ಗಟ್ಟಿ ಮಾಡಿ, ಮೇಲೆ ಮಣ್ಣು ಹಾಕಿ. ಮಳೆಗಾಲದಲ್ಲಿ ಜೀಪಿನ ಚಕ್ರ ಹೂತುಹೋಗುವುದು ತಪ್ಪುತ್ತದೆ.